ಮೋತಿಯ ರಕ್ತದ ಹನಿ

ಮೊನ್ನೆ ಲ್ಯಾಬಿನಲ್ಲಿ ಹೊಸ ಮಿಥೆನಾಲ್ ಬಾಟಲಿಯ ಮುಚ್ಚಳ ತಿರುಗಿಸಿದೆ. ಹೊರಗೆ ಹಾವೇರಿಯ ಮೇಲೆ ಮುಂಗಾರಿನ ಜಿಟಿಜಿಟಿ ಹಿಡಿದಿತ್ತು. ಚುರುಕಾದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಮುಚ್ಚಳವನ್ನು ಮತ್ತೆ ಬಿಗಿದುಬಿಟ್ಟೆ. ಎಂಟು ವರ್ಷವಾದರೂ ಇದು ಹೋಗಿಲ್ಲ. ನಾಯಿಗಳ ರಕ್ತ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು, ದಿನಕ್ಕೆ ಹತ್ತು ಸಲ ಮೂಗಿಗೆ ಬರುವ ವಾಸನೆ ಅದು. ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಏನೂ ಅನ್ನಿಸುವುದಿಲ್ಲ. ಮಳೆ ಬೀಳುವಾಗ ಮಾತ್ರ ರಾಣೆಬೆನ್ನೂರಿನ ಆ ಸಣ್ಣ ಕೋಣೆ, ಬ್ಯಾಡಗಿಯ ಖಾಜಾಸಾಬ, ಅವನ ನಾಯಿ ಮೋತಿ ಎಲ್ಲ ಎದುರಿಗೆ ಬಂದು ನಿಲ್ಲುತ್ತಾರೆ.

ಆಗ ನನಗೆ ಇಪ್ಪತ್ತಾರು. ಲ್ಯಾಬ್ ಕೋರ್ಸು ಮುಗಿಸಿ, ಎರಡು ವರ್ಷ ಮನುಷ್ಯರ ಮೂತ್ರ, ರಕ್ತ ನೋಡಿ ಬೇಸತ್ತು, ರಾಣೆಬೆನ್ನೂರಿನಲ್ಲಿ ಹಿರೇಮಠ ಡಾಕ್ಟರು ನಡೆಸುತ್ತಿದ್ದ ಪಶು ಚಿಕಿತ್ಸಾಲಯ ಸೇರಿದ್ದೆ. ದಿನಾ ಹಾವೇರಿಯಿಂದ ಬಸ್ಸು. ಡಾಕ್ಟರು ಅರ್ಧ ದಿನ ಹಳ್ಳಿಗಳಲ್ಲಿ ಎಮ್ಮೆ ಆಕಳುಗಳ ಹಿಂದೆ ಇರುತ್ತಿದ್ದರು. ಉಳಿದರ್ಧ ದಿನ ಪಡಸಾಲೆಯ ಬೆಂಚುಗಳ ಮೇಲೆ ಕುಳಿತ ನಾಯಿ, ಆಡುಗಳ ಮಾಲಕರಿಗೆ. ಹಿಂಡಿ ಚೀಲ ಇಡುತ್ತಿದ್ದ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಮೈಕ್ರೋಸ್ಕೋಪ್ ಇಟ್ಟು, ಇನ್ನು ಮುಂದೆ ಊಹೆಯ ಮೇಲೆ ಔಷಧ ಕೊಡುವುದಿಲ್ಲ, ಗಾಜಿನ ಮೇಲೆ ಕಂಡದ್ದಕ್ಕೆ ಮಾತ್ರ ಕೊಡುತ್ತೇನೆ ಎಂದು ಡಾಕ್ಟರು ನನಗೆ ಹೇಳಿದ್ದರು. ಆ ಮಾತಿಗೆ ನಾನು ಅರ್ಧ ಅಡಿ ಎತ್ತರವಾಗಿಬಿಟ್ಟೆ.

ಕೆಲಸ ಕೇಳಿದರೆ ಸುಲಭ. ನಾಯಿಯ ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಇಡುವುದು, ಇನ್ನೊಂದು ಗಾಜಿನಿಂದ ತೆಳ್ಳಗೆ ಎಳೆಯುವುದು, ಒಣಗಿಸುವುದು. ಮಿಥೆನಾಲಿನಲ್ಲಿ ಅದ್ದಿದರೆ ರಕ್ತ ಗಾಜಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ನೇರಳೆ ಬಣ್ಣದ ನೀರಿನಲ್ಲಿ ಮುಕ್ಕಾಲು ತಾಸು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಕೆಂಪು ರಕ್ತಕಣಗಳು ಸಾಲುಸಾಲಾಗಿ ಕಾಣುತ್ತವೆ. ಉಣ್ಣಿ ಕಚ್ಚಿದ ನಾಯಿಯ ರಕ್ತಕಣದೊಳಗೆ ಒಂದು ಪರಾವಲಂಬಿ ಹುಳ ಸೇರಿಕೊಂಡಿರಬಹುದು, ಅದು ಸಣ್ಣ ಉಂಗುರದಂತೆ ಕಾಣುತ್ತದೆ. ಅದು ಕೆಂಪು ಕಣಗಳನ್ನೇ ಒಡೆದು ಹಾಕುವುದರಿಂದ ನಾಯಿಯ ವಸಡು ಬಿಳಿಚಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ. ಉಂಗುರ ಕಂಡರೆ ಒಂದು ಇಂಜೆಕ್ಷನ್ ಇದೆ. ಅದು ಹುಳಕ್ಕೆ ವಿಷ, ತಪ್ಪು ನಾಯಿಗೆ ಬಿದ್ದರೆ ನಾಯಿಗೂ ವಿಷ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಆ ವರ್ಷ ಮಳೆ ಬೇಗ ಹಿಡಿದದ್ದು ಬಿಡಲೇ ಇಲ್ಲ. ಮಲೆನಾಡಿನ ಮಳೆ ನಮಗೆ ಗೊತ್ತಿಲ್ಲ, ನಮ್ಮದು ಬಂದು ಹೋಗುವ ಮಳೆ. ಆ ಸಲ ಮಾತ್ರ ಹದಿನೈದು ದಿನ ಬಿಸಿಲೇ ಕಾಣಲಿಲ್ಲ. ಮನೆಯಲ್ಲಿ ಉಪ್ಪು ನೀರೊಡೆಯಿತು, ಕಡ್ಡಿಪೆಟ್ಟಿಗೆ ಹತ್ತಲಿಲ್ಲ, ಒಣಹಾಕಿದ ಸೀರೆಗಳಿಗೆ ಮುಗ್ಗುಲು ವಾಸನೆ ಹತ್ತಿತು. ಹುಲ್ಲು ಎದ್ದಿತು, ಹುಲ್ಲಿನ ಜೊತೆ ಉಣ್ಣಿಗಳೂ ಎದ್ದವು. ಪಡಸಾಲೆಯ ತುಂಬ ಸೋತ ನಾಯಿಗಳು.

ಮೊದಲ ಎರಡು ನಾಯಿಗಳಲ್ಲಿ ನಾನು ಉಂಗುರ ಹಿಡಿದೆ. ಡಾಕ್ಟರು ಸ್ವತಃ ಬಗ್ಗಿ ನೋಡಿದರು, ಖರೇ ಐತಿ ಎಂದರು. ಇಂಜೆಕ್ಷನ್ ಆಯಿತು, ಮೂರನೇ ದಿನ ಎರಡೂ ನಾಯಿಗಳು ಬಾಲ ಅಲ್ಲಾಡಿಸಿಕೊಂಡು ಬಂದವು. ಅಲ್ಲಿಗೆ ನನ್ನ ಹೆಸರು ಹಬ್ಬಿತು. ಹುಳ ಹುಡುಕುವ ಗಿರಿಜಾಬಾಯಿ ಬಂದಾಳೆ ಎಂದು ಗುತ್ತಲದಿಂದಲೂ ಜನ ಬರತೊಡಗಿದರು. ಡಾಕ್ಟರು ನಂತರ ಬಗ್ಗಿ ನೋಡುವುದನ್ನೇ ಬಿಟ್ಟರು. ಗಿರಿಜಾ ನೋಡ್ಯಾಳಲ್ಲ, ಸಾಕು ಎನ್ನುತ್ತಿದ್ದರು. ನಾನು ಒಂದರ ಮೇಲೊಂದು ಉಂಗುರ ಹುಡುಕುತ್ತ ಹೋದೆ. ಕಾಮಾಲೆ ಕಣ್ಣಿನವರಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಆ ಮಾತು ನನಗೆ ಆಗ ನೆನಪಾಗಲಿಲ್ಲ.

ಒಂದು ಅಭ್ಯಾಸ ಹೇಳಲೇಬೇಕು. ಮಿಥೆನಾಲನ್ನು ಬಾಟಲಿಯಿಂದ ಒಂದು ಗಾಜಿನ ಡಬ್ಬಿಗೆ ಸುರಿದು ಸ್ಲೈಡು ಅದ್ದುತ್ತಿದ್ದೆ. ಡಬ್ಬಿಯ ಮುಚ್ಚಳ ಒಡೆದು ರಟ್ಟು ಮುಚ್ಚಿಟ್ಟಿತ್ತು. ಸಂಜೆ ಅದರಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಮರಳಿ ಬಾಟಲಿಗೇ ಸುರಿಯುತ್ತಿದ್ದೆ. ನಮ್ಮವ್ವ ಮಿರ್ಚಿಭಜಿ ಕರಿದ ಎಣ್ಣೆಯನ್ನು ಸೋಸಿ ಮತ್ತೆ ಡಬರಿಗೆ ಹಾಕಿಡುವುದನ್ನು ನೋಡುತ್ತ ಬೆಳೆದವಳು ನಾನು. ಚೆಲ್ಲುವುದು ನಮ್ಮ ಮನೆಯಲ್ಲಿ ಪಾಪ. ಹುಬ್ಬಳ್ಳಿಯಿಂದ ಸಾಮಾನು ಬರುವುದು ಎರಡು ತಿಂಗಳಿಗೊಮ್ಮೆ, ನಾನು ಎಷ್ಟು ಜೋಪಾನ ಮಾಡುತ್ತೇನೆ ನೋಡಿ ಎಂದು ಡಾಕ್ಟರ ಮುಂದೆ ಹೇಳಿಕೊಂಡಿದ್ದೂ ಇದೆ.

ಮೋತಿ ಬಂದದ್ದು ಒಂದು ಗುರುವಾರ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗೋದಾಮಿನ ಟೆಂಪೋದಲ್ಲಿ, ಖಾಲಿ ಚೀಲಗಳ ಮೇಲೆ ಮಲಗಿಸಿಕೊಂಡು ತಂದಿದ್ದರು. ಟೆಂಪೋ ನಿಂತಿದ್ದೇ ಪಡಸಾಲೆಯ ಅರ್ಧ ಜನ ಸೀನಿದರು. ಕಂದು ಬಣ್ಣದ, ಎದೆಯ ಮೇಲೆ ಬಿಳಿ ಮಚ್ಚೆಯ ನಾಯಿ. ತಲೆ ಎತ್ತಲು ಶಕ್ತಿ ಇಲ್ಲದಿದ್ದರೂ ನಾನು ಕಿವಿ ಹಿಡಿದಾಗ ಕೈ ನೆಕ್ಕಿತು. ಅದನ್ನು ಎತ್ತಿಕೊಂಡು ಬಂದವನು ಗೋದಾಮಿನ ಕಾವಲುಗಾರ ಖಾಜಾಸಾಬ. ಅರವತ್ತರ ಹತ್ತಿರದ ಮನುಷ್ಯ, ಅಚ್ಚುಕಟ್ಟಾಗಿ ಕತ್ತರಿಸಿದ ಬಿಳಿ ಗಡ್ಡ. ಜೊತೆಗೆ ಗೋದಾಮಿನ ಗುಮಾಸ್ತ ಬಸಣ್ಣ.

ಎಷ್ಟು ದಿನದಿಂದ ಊಟ ಬಿಟ್ಟಿದೆ ಎಂದು ಕೇಳಿದೆ. ಖಾಜಾಸಾಬ ಹೂಂರಿ ಎಂದ. ವಾಂತಿ ಇದೆಯೋ ಎಂದೆ, ಅದಕ್ಕೂ ಹೂಂರಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸರಿಯಾಗಿ ಹೇಳಬಾರದೇ ಎಂದು ಗದರಿದೆ. ಆಗ ಬಸಣ್ಣನೇ ಎಲ್ಲ ಹೇಳಿದ. ಎಂಟು ದಿನದಿಂದ ಸೋತಿದೆ, ಎರಡು ಸಲ ಮೂಗಿನಿಂದ ರಕ್ತ ಬಂತು, ಅದೇನು ಬಿಡಿ, ಮೆಣಸಿನಕಾಯಿ ಘಾಟಿಗೆ ಬ್ಯಾಡಗಿಯಲ್ಲಿ ಯಾರ ಮೂಗು ನೆಟ್ಟಗಿದೆ ಎಂದು ನಕ್ಕ. ನಾನೂ ನಕ್ಕೆ. ನಕ್ಕು, ಮೂಗಿನ ರಕ್ತದ ಸಂಗತಿಯನ್ನು ಚೀಟಿಯಲ್ಲಿ ಬರೆಯದೇ ಬಿಟ್ಟೆ. ಬಸಣ್ಣ ಇನ್ನೂ ಒಂದು ಮಾತು ಹೇಳಿದ. ಒಂದೆರಡು ವಾರದಲ್ಲಿ ನಾಯಿ ಎದ್ದರೆ ಸರಿ, ಇಲ್ಲವಾದರೆ ಸಾಹುಕಾರರು ಹೊರಗಿನಿಂದ ಯೂನಿಫಾರ್ಮಿನ ಕಾವಲುಗಾರರನ್ನು ತರಿಸುವವರಿದ್ದಾರೆ, ಖಾಜಾಸಾಬನಿಗೂ ವಯಸ್ಸಾಯಿತು.

ಬಸಣ್ಣ ಚಹಾ ಕುಡಿಯಲು ಹೋದಾಗ ಖಾಜಾಸಾಬ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಗ್ಗಿದ.

"ಬಾಯಾರ, ನನಗ ಕಿವಿ ಹೋಗ್ಯಾವ್ರಿ. ಕಿವಿ ಹತ್ರ ಒದರಿದ್ರ ಅಷ್ಟ ಕೇಳತೈತಿ. ಲಾರಿ ಬಂದ್ರ, ಯಾರರ ಗ್ವಾಡಿ ಜಿಗದ್ರ, ಇಂವ ನನ್ನ ಲುಂಗಿ ಹಿಡದು ಜಗ್ತಾನ. ಬಸಣ್ಣಗ ಗೊತ್ತಿಲ್ಲರಿ. ಇಂವ ಹ್ವಾದ್ರ ನಾನೂ ಹ್ವಾದಂಗ."

ಸ್ವಲ್ಪ ಹೊತ್ತಿನ ಹಿಂದೆ ಆ ಮನುಷ್ಯನನ್ನು ಗದರಿದ್ದೆನಲ್ಲ. ಅವನ ಕಿವಿಯ ಹತ್ತಿರ ಹೋಗಿ, ಚಾಚಾ, ನಿಮ್ಮ ಮೋತಿಯನ್ನು ನಾನು ಉಳಿಸಿಕೊಡುತ್ತೇನೆ ಎಂದೆ. ಡಾಕ್ಟರು ಕೂಡ ಅಂಥ ಮಾತು ಆಡುವುದಿಲ್ಲ. ಸ್ಲೈಡು ನೋಡಿದೆ, ಹುಡುಕುವ ಮೊದಲೇ ಉಂಗುರಗಳು ಕಂಡವು. ಚೀಟಿ ಬರೆದೆ. ಇಂಜೆಕ್ಷನ್ ಆಯಿತು.

ಮುಂದಿನ ಬುಧವಾರ ಹನ್ನೊಂದಕ್ಕೆ ಅದೇ ಟೆಂಪೋ ಬಂತು. ಈ ಸಲ ಮೋತಿ ಕೈ ನೆಕ್ಕಲಿಲ್ಲ. ವಸಡು ಗೋಡೆಯ ಸುಣ್ಣದ ಹಾಗೆ ಬೆಳ್ಳಗಾಗಿತ್ತು, ಮೂಗಿನ ಒಂದು ಕಡೆ ರಕ್ತ ಹೆಪ್ಪುಗಟ್ಟಿತ್ತು. ಡಾಕ್ಟರು ಹಲಗೇರಿಯಲ್ಲಿ, ಹೊಟ್ಟೆಯಲ್ಲಿ ಕರು ಅಡ್ಡ ಬಿದ್ದ ಆಕಳೊಂದರ ಹತ್ತಿರ ಇದ್ದರು. ಫೋನಿನಲ್ಲಿ ಹೇಳಿದೆ. ಹುಳ ಇನ್ನೂ ಇದ್ದರೆ ಎರಡನೇ ಇಂಜೆಕ್ಷನ್ ಈಗಲೇ ಕೊಡಬೇಕು, ನಾಲ್ಕಕ್ಕೆ ಬರುತ್ತೇನೆ, ಸ್ಲೈಡು ನೋಡಿ ಔಷಧ ತೆಗೆದಿಡು ಎಂದರು. ಅಷ್ಟರಲ್ಲಿ ಫೋನು ಕಡಿಯಿತು.

ಸ್ಲೈಡು ಮಾಡಿ ನೋಡಿದೆ. ಉಂಗುರಗಳು ಇದ್ದವು. ಇದ್ದದ್ದಲ್ಲ, ತುಂಬಿದ್ದವು. ಗುರುವಾರಕ್ಕಿಂತ ದುಪ್ಪಟ್ಟು. ಇಷ್ಟು ಹುಳ ಇದ್ದ ನಾಯಿ ಇಲ್ಲಿಗೆ ಬರುವವರೆಗೆ ಬದುಕಿರುವುದು ಹೇಗೆ ಎಂದು ಮೊದಲ ಸಲ ಸಂಶಯ ಬಂತು. ಫೋಕಸ್ಸಿನ ಗುಂಡಿಯನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿದೆ. ಉಂಗುರಗಳು ಮಿಣಕ್ ಮಿಣಕ್ ಎಂದು ಹೊಳೆದವು. ಹುಳ ಹೊಳೆಯುವುದಿಲ್ಲ. ಬಣ್ಣ ಹೀರಿಕೊಂಡ ಹುಳ ನೇರಳೆಯಾಗಿ ಸುಮ್ಮನೆ ಕೂತಿರುತ್ತದೆ. ಇವು ಹೊಳೆಯುತ್ತಿದ್ದವು, ಹೋದ ಗುರುವಾರವೂ ಹೊಳೆದಿರಬೇಕು, ನಾನು ನೋಡಿರಲಿಲ್ಲ.

ಹನ್ನೆರಡೂವರೆ ಆಗಿತ್ತು. ಮನಸ್ಸಿಗೆ ಏನೋ ಹೊಳೆದು ಸೂಜಿ ತೆಗೆದುಕೊಂಡು ನನ್ನ ಬೆರಳನ್ನೇ ಚುಚ್ಚಿಕೊಂಡೆ. ನನ್ನ ರಕ್ತವನ್ನು ಗಾಜಿನ ಮೇಲೆ ಎಳೆದು, ಅದೇ ಡಬ್ಬಿಯ ಮಿಥೆನಾಲಿನಲ್ಲಿ ಅದ್ದಿ, ಅದೇ ಬಣ್ಣ ಹಾಕಿ, ಮುಕ್ಕಾಲು ತಾಸು ಗಡಿಯಾರ ನೋಡುತ್ತ ಕೂತೆ. ಆಮೇಲೆ ಕಣ್ಣಿಟ್ಟೆ.

ನನ್ನ ರಕ್ತದ ತುಂಬ ಅವೇ ಉಂಗುರಗಳು.

ಒಂದು ಕ್ಷಣ ನಾನೂ ಸತ್ತೆ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಎರಡನೇ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ರಟ್ಟು ಮುಚ್ಚಿದ ಡಬ್ಬಿ ಇಡೀ ದಿನ ಮಳೆಗಾಲದ ತೇವ ಕುಡಿಯುತ್ತಿತ್ತು, ಸಂಜೆ ನಾನು ಆ ತೇವವನ್ನು ಬಾಟಲಿಗೆ ಸೇರಿಸುತ್ತಿದ್ದೆ, ಮರುದಿನ ಮತ್ತೆ ತೆಗೆಯುತ್ತಿದ್ದೆ. ಮಿಥೆನಾಲಿನಲ್ಲಿ ನೀರು ಸೇರಿದರೆ ರಕ್ತಕಣಗಳಲ್ಲಿ ಹೊಳೆಯುವ ಗುಳಿಗಳು ಬೀಳುತ್ತವೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದೆ. ಉಪ್ಪು ನೀರೊಡೆದದ್ದು ಕಂಡವಳಿಗೆ ಬಾಟಲಿ ನೀರೊಡೆದದ್ದು ಕಾಣಲಿಲ್ಲ. ಜೋಪಾನ ಮಾಡುತ್ತೇನೆ ಎಂದು ಮೆರೆದವಳು ನಾನೇ.

ಹಾಗಾದರೆ ಮೋತಿಗೆ ಇರುವುದು ಏನು? ನಾಲ್ಕಕ್ಕೆ ಡಾಕ್ಟರು ಬಂದು, ನನ್ನ ಚೀಟಿ ನಂಬಿ, ಆ ಬಿಳಿಚಿದ ನಾಯಿಗೆ ಇನ್ನೊಂದು ಸೂಜಿ ಚುಚ್ಚಿದರೆ ಅದು ಮೇಜಿನ ಮೇಲೆಯೇ ಹೋಗುತ್ತದೆ. ಫೋನು ಮಾಡಿದೆ, ಹತ್ತಲಿಲ್ಲ. ಮತ್ತೆ ಮಾಡಿದೆ. ಛತ್ರಿಯನ್ನೂ ತೆಗೆದುಕೊಳ್ಳದೆ ಪೇಟೆಯ ಒಂದು ರಕ್ತ ಪರೀಕ್ಷೆಯ ಅಂಗಡಿಗೆ ಓಡಿ, ಸೀಲು ಒಡೆಯದ ಒಂದು ಬಾಟಲಿ ಮಿಥೆನಾಲ್ ಕೈಗಡ ಬೇಡಿ, ಸೆರಗಿನೊಳಗೆ ಮುಚ್ಚಿಕೊಂಡು ತಂದೆ. ಹೊಸ ಗಾಜು, ಹೊಸ ಡಬ್ಬಿ. ಮೋತಿಯ ಕಿವಿ ಮತ್ತೆ ಚುಚ್ಚಿದೆ. ರಕ್ತ ನೀರಿನ ಹಾಗೆ ತೆಳ್ಳಗೆ ಬಂತು, ಹತ್ತಿ ಒತ್ತಿದರೂ ಬೇಗ ನಿಲ್ಲಲಿಲ್ಲ. ಖಾಜಾಸಾಬ ನಾಯಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣು ತಪ್ಪಿಸಿದೆ.

ಎರಡೂಮುಕ್ಕಾಲಿಗೆ ಹೊಸ ಸ್ಲೈಡು ಸಿದ್ಧವಾಯಿತು. ಕೆಂಪು ಕಣಗಳು ಸ್ವಚ್ಛ, ಒಂದೂ ಉಂಗುರ ಇಲ್ಲ. ಇನ್ನು ಹುಡುಕಬೇಕಾದದ್ದು ಬಿಳಿ ಕಣಗಳಲ್ಲಿ. ಉಣ್ಣಿಯಿಂದಲೇ ಬರುವ ಇನ್ನೊಂದು ಜಾತಿಯ ರೋಗಾಣು ಇದೆ, ಬಿಳಿ ಕಣದೊಳಗೆ ಹಿಪ್ಪುನೇರಳೆ ಹಣ್ಣಿನಂಥ ಸಣ್ಣ ಗೊಂಚಲಾಗಿ ಕೂತಿರುತ್ತದೆ. ಮೂಗಿನಿಂದ ರಕ್ತ ಬರುವುದು ಅದರದೇ ಗುರುತು. ನಾವು ಆ ರಕ್ತವನ್ನು ಮೆಣಸಿನಕಾಯಿಯ ಲೆಕ್ಕಕ್ಕೆ ಬರೆದು ನಕ್ಕಿದ್ದೆವು. ಬಿಳಿ ಕಣಗಳೇ ಕಡಿಮೆ ಉಳಿದಿದ್ದವು. ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗದ್ದೆಯ ಸಾಲು ಹೊಡೆದಂತೆ ಹುಡುಕಿದೆ. ಮೂರು ಗಂಟೆ ಆಯಿತು, ಮೂರೂಕಾಲು ಆಯಿತು. ಕಣ್ಣು ಉರಿದು ನೀರು ಬಂತು. ದೇವರೇ, ಒಂದು ತೋರಿಸು ಎಂದು ಬಾಯಿಬಿಟ್ಟು ಬೇಡಿಕೊಂಡೆ. ಮೂರೂ ಐವತ್ತರ ಹೊತ್ತಿಗೆ, ಗಾಜಿನ ತುದಿಯಲ್ಲಿ, ಒಂದು ಬಿಳಿ ಕಣದೊಳಗೆ ಗೊಂಚಲು ಸಿಕ್ಕಿತು. ಹೊಳೆಯುತ್ತದೆಯೋ ಎಂದು ಗುಂಡಿ ತಿರುಗಿಸಿ ನೋಡಿದೆ. ಇಲ್ಲ, ನೇರಳೆಯಾಗಿ ಸುಮ್ಮನೆ ಕೂತಿತ್ತು.

ಡಾಕ್ಟರ ಬೈಕಿನ ಸದ್ದಾಯಿತು. ಅವರು ಕೈತೊಳೆದು ನೇರವಾಗಿ ಇಂಜೆಕ್ಷನ್ ಬಾಟಲಿಗೆ ಸೂಜಿ ಚುಚ್ಚಿದರು. ನಾನು ಅವರ ಕೈ ಹಿಡಿದುಬಿಟ್ಟೆ. ಅಂಥದ್ದು ಹಿಂದೆಂದೂ ಮಾಡಿದವಳಲ್ಲ. ಎಲ್ಲ ಹೇಳಿದೆ, ಮೂರು ಸ್ಲೈಡುಗಳನ್ನೂ ತೋರಿಸಿದೆ, ನನ್ನ ರಕ್ತದ್ದೂ ಸೇರಿ. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಬೈಯುತ್ತಾರೆಂದು ಕಾದೆ. ಇಲ್ಲಿಯವರೆಗೆ ಎಷ್ಟು ನಾಯಿಗೆ ಉಂಗುರದ ಚೀಟಿ ಕೊಟ್ಟಿದ್ದೇವೆ ಎಂದು ಮಾತ್ರ ಕೇಳಿದರು. ಹದಿನಾಲ್ಕು ಎಂದೆ. ಮೊದಲ ಎರಡು ಬಿಟ್ಟು ಉಳಿದವನ್ನು ನಾನೂ ನೋಡಬೇಕಾಗಿತ್ತು ಎಂದು ತಮಗೆ ತಾವೇ ಹೇಳಿಕೊಂಡು ಕುರ್ಚಿಯಲ್ಲಿ ಕುಸಿದರು. ಇಂಜೆಕ್ಷನ್ ಚೆಲ್ಲಿದರು. ಗೊಂಚಲಿನ ರೋಗಕ್ಕೆ ಗುಳಿಗೆ ಇದೆ, ಎಲ್ಲ ಅಂಗಡಿಯಲ್ಲೂ ಸಿಗುವ ಗುಳಿಗೆ, ನಾಲ್ಕು ವಾರ ಕೊಡಬೇಕು, ಈ ರಾತ್ರಿ ದಾಟಿದರೆ ಉಳಿಯಬಹುದು ಎಂದರು.

ಆಮೇಲೆ ತಗ್ಗಿದ ದನಿಯಲ್ಲಿ, "ಔಷಧ ಬದಲ ಮಾಡೇವಿ ಅಂತ ಹೇಳಿದ್ರ ಸಾಕು, ಗಿರಿಜಾ. ಅದೂ ಖರೇನ," ಎಂದರು. ತಪ್ಪಾಗಿದೆ ಎನ್ನಲು ತಮಗೆ ಬಾಯಿ ಬರುವುದಿಲ್ಲ, ಹೇಳಲೇಬೇಕು ಎನ್ನಿಸಿದರೆ ನೀನೇ ಹೇಳು ಎಂದೂ ಸೇರಿಸಿದರು.

ಪಡಸಾಲೆಗೆ ಹೋದೆ. ಏಳೆಂಟು ಜನ ಬೆಂಚಿನ ಮೇಲೆ. ಬಸಣ್ಣ ಕಂಬಕ್ಕೊರಗಿ ಫೋನಿನಲ್ಲಿ ಯಾರಿಗೋ ದರ ಹೇಳುತ್ತಿದ್ದ. ಖಾಜಾಸಾಬನ ಎದುರು ಕುಕ್ಕರಿಸಿ, ಎಲ್ಲರೂ ಕೇಳಿಸಿಕೊಂಡಾರೆಂದು ಪಿಸುದನಿಯಲ್ಲಿ, ನನ್ನದು ತಪ್ಪಾಗಿದೆ ಚಾಚಾ, ಹೋದ ವಾರ ತಪ್ಪು ರೋಗ ಹೇಳಿದೆ, ತಪ್ಪು ಸೂಜಿ ಆಯಿತು ಎಂದೆ. ಅವನು ನನ್ನ ತುಟಿಗಳನ್ನು ನೋಡುತ್ತಿದ್ದ. ನಾನು ಮುಗಿಸಿದ ಮೇಲೆ ನಕ್ಕು, ತಲೆ ಆಡಿಸಿದ.

"ಹೂಂರಿ ಬಾಯಾರ. ನಿಮ್ಮ ಕೈಗುಣ ದೊಡ್ಡದೈತಿ."

ಒಂದಕ್ಷರವೂ ಕೇಳಿಸಿಲ್ಲ. ನನಗೆ ಗೊತ್ತಾಯಿತು. ಅಲ್ಲಿಗೆ ಎದ್ದು ಒಳಗೆ ಹೋಗಬಹುದಿತ್ತು. ನಾನು ಹೇಳಿದ್ದೆ, ಅವನು ಹೂಂ ಎಂದಿದ್ದ. ಗಟ್ಟಿಯಾಗಿ ಕೂಗಿದರೆ ಬಸಣ್ಣನಿಗೆ ಕಿವಿಯ ಗುಟ್ಟು ತಿಳಿಯುತ್ತದೆ, ಆ ಬಡವನ ಕೆಲಸ ಹೋಗುತ್ತದೆ, ಅವನ ಒಳ್ಳೆಯದಕ್ಕೇ ಸುಮ್ಮನಿರಬೇಕು ಎಂದು ಮನಸ್ಸು ಲಗುಬಗೆಯಿಂದ ನೆಪ ಹೊಲಿದು ಕೊಟ್ಟಿತು. ಎಷ್ಟು ಚೆಂದದ ನೆಪ! ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಕಿವಿ ಇಲ್ಲದಿದ್ದರೇನು, ಕಣ್ಣು ಇದೆಯಲ್ಲ.

ಸ್ಟೂಲಿನ ಮೇಲೆ ಕೂರಿಸಿ ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದೆ. ಮೊದಲು ಹಳೆಯ ಮಿಥೆನಾಲಿನ ಮೋತಿಯ ಸ್ಲೈಡು. ಪಡಸಾಲೆಯ ನಾಯಿಯ ಕಡೆ ಬೆರಳು ಮಾಡಿದೆ. ಅವನು ಉಂಗುರಗಳನ್ನು ಕಂಡು ತೌಬಾ ಎಂದ. ಆಮೇಲೆ ನನ್ನ ಸ್ಲೈಡು ಇಟ್ಟು, ನನ್ನ ಚುಚ್ಚಿದ ಬೆರಳು ತೋರಿಸಿ, ನನ್ನ ಎದೆ ಮುಟ್ಟಿಕೊಂಡೆ. ಎರಡೂ ಒಂದೇ, ನೋಡು, ಹಾಗಾಗಿ ಎರಡೂ ಸುಳ್ಳು ಎಂದು ಅವನಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಖಾಜಾಸಾಬ ಕಣ್ಣು ತೆಗೆದು ನನ್ನನ್ನು ನೋಡಿದ. ಅವನ ಮುಖದ ಬಣ್ಣವೇ ಹೋಗಿತ್ತು.

"ನಿಮಗೂ ಅದ ಜಡ್ಡ ಐತೇನ್ರಿ? ಹಂಗಾರ ಆ ಸೂಜಿ ಮೊದಲ ನೀವು ಮಾಡಿಸ್ಕೋರಿ ಬಾಯಾರ. ಮೋತಿಗೆ ಆಮ್ಯಾಲ ಮಾಡೂಣು."

ನನಗೆ ತಡೆಯಲಾಗಲಿಲ್ಲ. ಅವನ ಕಿವಿಗೆ ಬಾಯಿ ಹಚ್ಚುವ ವ್ಯವಧಾನವೂ ಇಲ್ಲದೆ, ಇದ್ದಲ್ಲಿಂದಲೇ ಗಂಟಲು ಹರಿಯುವಂತೆ ಕೂಗಿದೆ. "ಇಲ್ಲ ಚಾಚಾ! ನನಗ ಏನೂ ಇಲ್ಲ, ಮೋತಿಗೂ ಅದು ಇಲ್ಲ. ನಾ ತಪ್ಪ ಮಾಡೇನಿ. ನನ್ನ ತಪ್ಪಿಗೆ ನಿಮ್ಮ ನಾಯಿ ಸಾಯಾಕತ್ತಿತ್ತು!"

ಪಡಸಾಲೆಯಲ್ಲಿ ಆಡೊಂದು ಬೆದರಿ ಕೂಗಿತು. ಅಳುತ್ತ ಅಳುತ್ತಲೇ ಬೇರೆ ರೋಗ, ಬೇರೆ ಗುಳಿಗೆ, ನಾಲ್ಕು ವಾರ ಎಂದೆಲ್ಲ ಕೂಗಿ ಹೇಳಿದೆ. ಖಾಜಾಸಾಬ ಈ ಸಲ ಹೂಂ ಎನ್ನಲಿಲ್ಲ. ಕೇಳಿಸಿತ್ತು. ನೆಲ ನೋಡುತ್ತ ನಿಂತ.

ಬಾಗಿಲಲ್ಲಿ ಬಸಣ್ಣ ನಿಂತಿದ್ದ. ಫೋನು ಕೈಯಲ್ಲೇ ಇತ್ತು. ನನ್ನನ್ನು ಬಿಟ್ಟು ಖಾಜಾಸಾಬನನ್ನು ನೋಡಿ, "ಯಾಕ ಹಿಂಗ ಒದರಾಕತ್ತೀರಿ? ಇವರಿಗೆ ಕಿವಿ ಕೇಳಂಗಿಲ್ಲೇನು?" ಎಂದ.

ಜನ್ಮದಲ್ಲಿ ಆಡಿದ ಅತಿ ಕಷ್ಟದ ನಿಜ ಬಾಯಿಂದ ಹೊರಬಿದ್ದು ಒಂದು ನಿಮಿಷವೂ ಆಗಿರಲಿಲ್ಲ. ಮುಖ ಒರೆಸಿಕೊಂಡು, ನನ್ನ ದನಿಯೇ ಹೀಗೆ, ನಮ್ಮ ಮನೆಯಲ್ಲಿ ಎಲ್ಲರೂ ಬೈಯುತ್ತಾರೆ, ಬೇಕಾದರೆ ಡಾಕ್ಟರನ್ನು ಕೇಳಿ ಎಂದೆ. ಡಾಕ್ಟರು ಒಳಗಿನಿಂದ, ಹೌದ್ರಿ, ದಿನಾ ಇದೇ ಗಲಾಟೆ ಎಂದರು. ಆ ಸುಳ್ಳಿಗೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ.

ಮೋತಿ ಆ ರಾತ್ರಿ ದಾಟಿತು. ಮೂರನೇ ದಿನ ಬಸಣ್ಣ ಫೋನು ಮಾಡಿ, ನಾಯಿ ಹಾಲು ನೆಕ್ಕಿತು ಎಂದ. ಆ ನಾಲ್ಕು ವಾರ ನಾನು ರವಿವಾರಗಳಲ್ಲಿ ಉಳಿದ ಮನೆಗಳಿಗೆ ಹೋದೆ. ತಪ್ಪು ಚೀಟಿ ಪಡೆದವರು ಮೋತಿಯನ್ನು ಬಿಟ್ಟು ಹನ್ನೊಂದು ಜನ. ಹಲವು ನಾಯಿಗಳು ತಾವಾಗಿ ಚೇತರಿಸಿಕೊಂಡಿದ್ದವು, ಕೆಲವಕ್ಕೆ ಮತ್ತೆ ಪರೀಕ್ಷೆ ಮಾಡಿ ಗುಳಿಗೆ ಕೊಟ್ಟೆವು. ಎರಡು ಸತ್ತಿದ್ದವು, ಒಂದು ರಾಣೆಬೆನ್ನೂರಿನಲ್ಲಿ, ಒಂದು ಗುತ್ತಲದಲ್ಲಿ. ನನ್ನಿಂದ ಸತ್ತವೋ, ರೋಗದಿಂದಲೋ, ಯಾರೂ ಹೇಳಲಾರರು. ರಾಣೆಬೆನ್ನೂರಿನ ಮನೆಯವರು ಕೂಡ್ರಿಸಿ ನೀರು ಕೊಟ್ಟರು. ಗುತ್ತಲದ ಹೆಣ್ಣುಮಗಳು ಕೊನೆಯವರೆಗೆ ಕೇಳಿ ಬಾಗಿಲು ಹಾಕಿಕೊಂಡಳು. ಬಸ್ ಸ್ಟ್ಯಾಂಡಿನವರೆಗೆ ಮಳೆಯಲ್ಲಿ ನಡೆದು ಬಂದೆ. ಆಕೆ ಮಾಡಿದ್ದು ಸರಿ ಎಂದೇ ಅನ್ನಿಸಿತು.

ಗುಳಿಗೆ ಮುಗಿದ ದಿನ ಖಾಜಾಸಾಬ ಬಸಣ್ಣನನ್ನು ಬಿಟ್ಟು ಒಬ್ಬನೇ ಬಂದ. ಮೋತಿ ತಾನೇ ನಡೆದು ಬಂತು, ತೆಳ್ಳಗಾಗಿತ್ತು, ಕಣ್ಣಲ್ಲಿ ಬೆಳಕಿತ್ತು. ರಕ್ತ ತೆಗೆದೆ, ಹೊಸ ಮಿಥೆನಾಲ್, ಮುಕ್ಕಾಲು ತಾಸು. ನಾನು ನೋಡಿದೆ, ಡಾಕ್ಟರು ನೋಡಿದರು. ಗೊಂಚಲೂ ಇಲ್ಲ, ಉಂಗುರವೂ ಇಲ್ಲ. ಅವನ ಕಿವಿಯ ಹತ್ತಿರ ಹೋಗಿ ಮೋತಿ ಗೆದ್ದ ಎಂದೆ. ಅಲ್ಲಾಹನ ದಯೆ ಎಂದು ಕಣ್ಣೊರೆಸಿಕೊಂಡ. ಹೊರಡುತ್ತಾನೆ ಎಂದುಕೊಂಡರೆ ಏಳಲಿಲ್ಲ. ನನ್ನ ಕೈ ಕಡೆ ಬೆರಳು ಮಾಡಿದ.

"ಈಗ ನಿಮ್ಮದು ನೋಡ್ರಿ."

ನನಗೆ ಏನೂ ಆಗಿರಲಿಲ್ಲ, ಅದು ಮಿಥೆನಾಲಿನ ತಪ್ಪು, ನನ್ನ ತಪ್ಪು ಎಂದು ಮತ್ತೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

"ಅವತ್ತ ನಾ ಕಣ್ಣಾರೆ ನೋಡೇನ್ರಿ. ಮೋತಿಗೆ ಗುಳಿಗಿ ಹಾಕೂ ಮುಂದ ದಿನಾ ನಿಮ್ಮ ಸಲುವಾಗೂ ದುವಾ ಮಾಡೇನಿ. ಹೆದರಬ್ಯಾಡ್ರಿ, ಚುಚ್ಚಿಕೋರಿ. ನಾ ಇಲ್ಲೇ ಕುಂತೇನಿ."

ಚುಚ್ಚಿಕೊಂಡೆ. ಮುಕ್ಕಾಲು ತಾಸು ಅವನು ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದ. ಬಡವನ ಬ್ಯಾಡಗಿ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ಸ್ಲೈಡು ಇಟ್ಟು ನಾನು ನೋಡಲಿಲ್ಲ, ಮೊದಲು ಅವನಿಗೇ ಬಿಟ್ಟುಕೊಟ್ಟೆ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಬಹಳ ಹೊತ್ತು ನೋಡಿದ. ಆಮೇಲೆ ತಿರುಗಿ, ಸರಿಯಾಗಿ ನೋಡಿದೆನೋ ಇಲ್ಲವೋ ಎಂಬ ಅಳುಕಿನಿಂದ, ಇಲ್ಲ ಅಲ್ಲೇನ್ರಿ ಎಂದು ಕೇಳಿದ.

"ಏನೂ ಇಲ್ಲ ಚಾಚಾ! ನನಗೂ ಮೋತಿಗೂ ಏನೂ ಇಲ್ಲ!" ಎಂದು ಕೂಗಿದೆ. ಪಡಸಾಲೆಯವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.